ಮೇನ್ ಸ್ವಿಚ್ ಆರಿಸಿದ ಮೇಲೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಬಂದವಳೇ ಕೂರಲಿಲ್ಲ. ಕೈಯಲ್ಲಿ ಒಂದು ಕಂದು ಲಕೋಟೆ ಇತ್ತು. ಅದನ್ನು ಮೇಜಿನ ಮೇಲೆ ಇಟ್ಟಳು, ಎತ್ತಿಕೊಂಡಳು, ಮತ್ತೆ ಇಟ್ಟಳು. ಹೆಡ್ ಕಾನ್‌ಸ್ಟೇಬಲ್ ಕೈ ಚಾಚಿದಾಗ ಲಕೋಟೆಯ ಮೇಲೆ ಅಂಗೈ ಊರಿ ನಿಂತುಬಿಟ್ಟಳು.

"ಇದನ್ನ ನೀವು ಓದ್ತೀರಾ?"

"ಓದದೆ ದೂರು ಹೇಗಮ್ಮ ಬರ್ಕೊಳ್ಳೋದು?"

"ಇನ್‌ಸ್ಪೆಕ್ಟರ್ ಒಬ್ರೇ ಓದಲಿ."

ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ರೇಡಿಯೋ ಎಂದೇ ಹೆಸರು. ತಾನಾಗಿ ಶುರುವಾಗುವ ರೇಡಿಯೋ. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಹೆಂಡತಿಗೂ ಗೊತ್ತಿರಲಿಲ್ಲ. ಇವಳು ತನ್ನ ಬಾಯಿಗೆ ಹೆದರಿಯೇ ಹೀಗಂದಳೇನೋ ಎಂದು ಮುಖ ಸಣ್ಣ ಮಾಡಿಕೊಂಡು ಅವಳನ್ನು ಒಳಗೆ ಕರೆದುಕೊಂಡು ಹೋದ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಇನ್ನೂ ಉಳಿದಿತ್ತು. ಇನ್‌ಸ್ಪೆಕ್ಟರ್ ಲಕೋಟೆಯಿಂದ ಹಾಳೆ ತೆಗೆದು ಓದಿದರು. ಟೈಪು ಮಾಡಿ ಮುದ್ರಿಸಿದ ಹಾಳೆ. ಮೇಲೆ ಅವಳ ಹೆಸರು, ವಿಳಾಸ. ಕೆಳಗೆ ಹೀಗಿತ್ತು: "ಮಗು ಅಳು ನಿಲ್ಲಿಸದಿದ್ದಾಗ ದಿಂಬು ಕೈಗೆತ್ತಿಕೊಂಡೆ ಎಂದಳು. ಒಂದು ಕ್ಷಣ ಅದನ್ನು ಮುಖದ ಮೇಲೆ ಒತ್ತಿಬಿಡಬೇಕು ಅನಿಸಿತಂತೆ. ಕೇಳಿ ನನಗೇ ಹೆದರಿಕೆಯಾಯಿತು." ಅಲ್ಲಿಗೆ ಬರಹ ನಿಂತಿತ್ತು. ಅದರಡಿಯಲ್ಲಿ ಬೇರೆ ಅಕ್ಷರದಲ್ಲಿ, "ನಿಮ್ಮ ಮೊಮ್ಮಗಳ ಒಳಿತಿಗಾಗಿ ತಿಳಿಸಿದ್ದೇನೆ. ಇಂತಿ, ಒಬ್ಬ ಹಿತೈಷಿ."

ಇನ್‌ಸ್ಪೆಕ್ಟರ್ ಹಾಳೆಯನ್ನು ಮಡಚಿದರು. ಈ ಕೆಲಸದಲ್ಲಿ ಅವರು ಕೊಲೆಗಾರರನ್ನು ನೋಡಿದ್ದರು, ಕಳ್ಳರನ್ನು ನೋಡಿದ್ದರು. ಒಬ್ಬಿಬ್ಬರ ಮೇಲೆ ಕನಿಕರವೂ ಹುಟ್ಟಿತ್ತು. ಹಿತೈಷಿ ಎಂದು ಸಹಿ ಹಾಕುವವರ ಮೇಲೆ ಮಾತ್ರ ಎಂದೂ ಹುಟ್ಟಿರಲಿಲ್ಲ.

"ಈ ಮಾತನ್ನ ಯಾರಿಗೆ ಹೇಳಿದ್ರಿ?"

"ಆಪ್ತಸಲಹೆ ಮೇಡಂಗೆ. ಹೋದ ವರ್ಷ, ಮಗು ಇನ್ನೂ ಮಗ್ಗುಲಾಗ್ತಿದ್ದಾಗ."

"ಗಂಡನಿಗೆ? ಅಮ್ಮನಿಗೆ?"

"ಇಲ್ಲ ಸಾರ್. ನನ್ನ ಬಾಯಿಂದ ಒಂದೇ ಸಲ ಬಂದಿರೋದು, ಆ ರೂಮಲ್ಲಿ."

"ಇದರಲ್ಲಿರೋದು ನಿಜಾನಾ?"

ಅವಳು ತಲೆ ತಗ್ಗಿಸಲಿಲ್ಲ. "ನಿಜ. ಆದ್ರೆ ಇಷ್ಟೇ ಅಲ್ಲ. ಇದರ ಮುಂದೆ ಹೇಳಿದ್ದೇ ಇದರಲ್ಲಿಲ್ಲ."

"ಮಗು ಎಲ್ಲಿದೆ ಈಗ?"

"ಅತ್ತೆ ಹತ್ರ. ಶುಕ್ರವಾರ ಅವರ ಹೆಸರಿಗೆ ಇದು ಬಂತು. ಶನಿವಾರ ನನ್ನ ಬಟ್ಟೆನೆಲ್ಲ ಚೀಲಕ್ಕೆ ತುಂಬಿ ಬಾಗಿಲಾಚೆ ಇಟ್ರು. ಮಗೂನ ಕಿಟಕಿಯಿಂದ ತೋರಿಸಿದ್ರು. ಈಗಷ್ಟೇ ನಡೆಯೋಕೆ ಕಲಿತಿದಾಳೆ ಸಾರ್. ಕಿಟಕಿ ಸರಳು ಹಿಡ್ಕೊಂಡು ಕುಣೀತಿದ್ಲು, ನಾನು ಆಟ ಆಡಿಸ್ತಿದೀನಿ ಅಂತ."

"ನಿಮ್ಮ ಯಜಮಾನ್ರು ಏನಂದ್ರು?"

"ಅವರು ಲಿಫ್ಟ್ ರಿಪೇರಿ ಮಾಡೋರು. ಎಷ್ಟು ಎತ್ತರದಿಂದ ಬೇಕಾದ್ರೂ ಹಗ್ಗ ಹಿಡ್ಕೊಂಡು ಇಳೀತಾರೆ. ಅವರಮ್ಮನ ಎದುರಿಗೆ ಮಾತ್ರ ಬಾಯಿ ಬಿಡಲ್ಲ."

ದೂರನ್ನು ಇನ್‌ಸ್ಪೆಕ್ಟರ್ ತಾವೇ ಬರೆದುಕೊಂಡರು. ಖಾಸಗಿ ದಾಖಲೆ ಕದ್ದು ಬಯಲು ಮಾಡಿದ್ದಕ್ಕೆ, ಮಾನಹಾನಿಗೆ ಸಂಬಂಧಿಸಿದ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಪ್ರತಿ ಕೊಟ್ಟಾಗ ಅವಳು ಅದನ್ನು ಓದದೆಯೇ ಚೀಲಕ್ಕಿಟ್ಟಳು.

"ಯಾರಿಗೋ ಶಿಕ್ಷೆ ಆಗಲಿ ಅಂತ ಬಂದಿಲ್ಲ ನಾನು. ನನಗೆ ಮಗು ಬೇಕು ಅಷ್ಟೆ."

ಆಪ್ತಸಲಹೆಯ ಕೇಂದ್ರ ಹಲ್ಲಿನ ಆಸ್ಪತ್ರೆಯೊಂದರ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಕೊರೆಯುವ ಯಂತ್ರದ ಸದ್ದು ಮೆಟ್ಟಿಲವರೆಗೂ ಬರುತ್ತಿತ್ತು. ಮೇಲಿನ ಬಾಗಿಲು ಮುಚ್ಚಿದರೆ ನಿಂತುಹೋಗುತ್ತಿತ್ತು. ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಜೋಡಿಸಿದ್ದರು. ಮೂಲೆಯಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕು ಮೀನು. ಅಳುವುದನ್ನು ಮುಗಿಸಿ ಹೊರಬಂದವರು ಕಣ್ಣು ಒರೆಸಿಕೊಳ್ಳುವಾಗ ನೋಡಲು ಏನಾದರೂ ಬೇಕಲ್ಲ, ಅದಕ್ಕೆ ಎಂದಳು ಸ್ವಾಗತದ ಮೇಜಿನ ಹುಡುಗಿ.

ಆಪ್ತಸಲಹೆಗಾರ್ತಿ ಐವತ್ತು ದಾಟಿದ ಹೆಂಗಸು. ಮೆಲುದನಿ. ಹಾಳೆ ಓದುತ್ತಿದ್ದಂತೆ ಆ ದನಿಯೂ ಉಡುಗಿತು.

"ಇದು ನಿಮ್ಮ ಬರಹಾನಾ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನದೇ. ಆದ್ರೆ ಸಾಧ್ಯವೇ ಇಲ್ಲ. ನನ್ನ ಟಿಪ್ಪಣಿಗಳೆಲ್ಲ ಎನ್‌ಕ್ರಿಪ್ಷನ್ ಸಾಫ್ಟ್‌ವೇರ್ ಒಳಗಿವೆ. ಪಾಸ್‌ವರ್ಡ್ ಇಲ್ಲದೆ ತೆಗೆದ್ರೆ ಒಂದಕ್ಷರವೂ ಅರ್ಥ ಆಗಲ್ಲ, ಬರೀ ಕಲಸುಮೇಲೋಗರ. ಆ ಬೀಗ ಒಡೆಯೋಕೆ ನೂರಾರು ವರ್ಷ ಬೇಕು ಅಂತಾರೆ."

"ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು?"

"ನನಗೊಬ್ಬಳಿಗೇ. ಎಲ್ಲೂ ಬರೆದಿಟ್ಟಿಲ್ಲ."

"ನಿಮ್ಮ ಯಜಮಾನ್ರಿಗೆ?"

"ಅವರಿಗೂ ಇಲ್ಲ. ಇಲ್ಲಿ ಕೇಳಿದ್ದನ್ನ ಮನೇಲಿ ಒಂದು ಮಾತೂ ಆಡಲ್ಲ ನಾನು." ಬಾಗಿಲ ಕಡೆ ನೋಡಿದರು. "ಹೊರಗಿರೋ ಹುಡುಗೀನ ಒಂದು ಸಲ ವಿಚಾರಿಸಿ ನೋಡಿ. ಬಾಗಿಲ ಹತ್ರಾನೇ ಕೂತಿರ್ತಾಳೆ."

ಹುಡುಗಿಯನ್ನು ಜೊತೆಗೆ ಬಂದಿದ್ದ ರೇಡಿಯೋ ವಿಚಾರಿಸಿದ. ಅವಳು ಅತ್ತಳು. ಅಳುತ್ತಲೇ ಇನ್ನೊಂದು ವಿಷಯ ಹೇಳಿದಳು: ಇಂಥ ಲಕೋಟೆ ಇದು ಮೊದಲನೆಯದಲ್ಲ. ಈ ವರ್ಷವೇ ಇಬ್ಬರು ಬಂದು ಮೇಡಂ ಮುಂದೆ ಕೂಗಾಡಿ ಹೋಗಿದ್ದಾರೆ. ಒಬ್ಬಳ ಮದುವೆ ನಿಂತುಹೋಯಿತು. ಇನ್ನೊಬ್ಬರು ವಯಸ್ಸಾದವರು, ಅವರ ಮಗ ಮಾತು ಬಿಟ್ಟಿದ್ದಾನೆ.

ಇನ್‌ಸ್ಪೆಕ್ಟರ್ ಒಳಗೆ ವಾಪಸ್ ಹೋದರು. "ಮೇಡಂ, ಎರಡು ಸಲ ಆದಾಗ ಯಾಕೆ ದೂರು ಕೊಡಲಿಲ್ಲ?"

"ಅವರೇ ಎಲ್ಲೋ ಬಾಯಿ ಬಿಟ್ಟಿರಬೇಕು ಅಂದ್ಕೊಂಡೆ. ಜನ ಹೇಳ್ಬಿಟ್ಟು ಮರೀತಾರೆ. ಅದೂ ಅಲ್ಲದೆ..."

"ಅದೂ ಅಲ್ಲದೆ, ಕೇಂದ್ರದ ಹೆಸರು ಕೆಡುತ್ತೆ."

ಊರಿನವರ ನೋವಿಗೆಲ್ಲ ಕಿವಿಯಾದ ಹೆಂಗಸು ತನ್ನ ಬಾಗಿಲಲ್ಲೇ ನಿಂತು ಕೂಗಿದವರ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಬದಲಿಗೆ ಸಂಬಳಕ್ಕಿರುವ ಹುಡುಗಿಯ ಕಡೆ ಬೆರಳು ತೋರಿಸಿದ್ದರು. ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಆದರೆ ಅದು ಅಪರಾಧವಲ್ಲ.

"ಮೂಲ ಕಡತ ತೆಗೆದು ತೋರಿಸಿ."

ಆಪ್ತಸಲಹೆಗಾರ್ತಿ ಪಾಸ್‌ವರ್ಡ್ ಒತ್ತಿ ತೆಗೆದರು. ಇನ್‌ಸ್ಪೆಕ್ಟರ್ ಹಾಳೆಯನ್ನು ಪರದೆಯ ಪಕ್ಕ ಹಿಡಿದು ಸಾಲು ಸಾಲಾಗಿ ಹೋಲಿಸಿದರು. ಮೊದಲ ಎರಡು ವಾಕ್ಯ ಅಕ್ಷರಶಃ ಒಂದೇ. ಮೂರನೆಯದು ಪರದೆಯ ಮೇಲೆ ಇರಲೇ ಇಲ್ಲ.

"'ಕೇಳಿ ನನಗೇ ಹೆದರಿಕೆಯಾಯಿತು.' ಇದು ಎಲ್ಲಿ ಹೋಯ್ತು ಮೇಡಂ? ಲಕೋಟೆ ಕಳಿಸಿದವನು ಸೇರಿಸಿದ್ದಾ?"

ಆಪ್ತಸಲಹೆಗಾರ್ತಿ ಹಾಳೆಯತ್ತ ಬಾಗಿದರು. "ಇಲ್ಲ. ನಾನೇ ಬರೆದಿದ್ದೆ. ಸಂಜೆ ಬರೆಯುವಾಗ ನನಗೆ ಅನಿಸಿದ್ದೆಲ್ಲ ಬರೆದುಬಿಡ್ತೀನಿ. ಬೆಳಿಗ್ಗೆ ಬಂದು ನನ್ನ ಮಾತನ್ನ ಅಳಿಸಿ ಅವರ ಮಾತನ್ನಷ್ಟೇ ಉಳಿಸ್ತೀನಿ. ಮೊದಲಿಂದಲೂ ಅಭ್ಯಾಸ."

"ಹಾಗಿದ್ರೆ ಈ ವಾಕ್ಯ ಒಂದು ಸಂಜೆಯಿಂದ ಮಾರನೆ ಬೆಳಿಗ್ಗೆವರೆಗೆ ಮಾತ್ರ ಇತ್ತು."

"ಅದೂ ಬೀಗದ ಒಳಗೆ."

"ಬೀಗದ ಒಳಗಿದ್ದಿದ್ರೆ ಇದು ನನ್ನ ಕೈಗೆ ಬರ್ತಿರಲಿಲ್ಲ."

ಮಂಗಳವಾರ ಸೈಬರ್ ವಿಭಾಗದ ತಜ್ಞೆ ಬಂದರು. ಸದಾ ಶೀತ, ಸದಾ ಕೈಯಲ್ಲಿ ಕರವಸ್ತ್ರ. ಯಂತ್ರದ ಮುಂದೆ ಕೂತರೆ ಸೀನುವುದೂ ಮರೆತುಹೋಗುತ್ತಿತ್ತು. ಹಲ್ಲಿನ ಆಸ್ಪತ್ರೆಯ ಇಬ್ಬರು ನೌಕರರನ್ನು ಪಂಚ ಸಾಕ್ಷಿಗಳಾಗಿ ಕರೆದು ಅವರ ಎದುರಿಗೇ ಕಂಪ್ಯೂಟರಿನ ಡಿಸ್ಕನ್ನು ಪ್ರತಿ ಮಾಡಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಒಂದು ಫೋಲ್ಡರ್ ತೆರೆದು ಕುರ್ಚಿ ಹಿಂದಕ್ಕೆ ತಳ್ಳಿದರು.

"ಬನ್ನಿ ಸಾರ್, ನೋಡಿ. ಬೀಗ ಗಟ್ಟಿಯಾಗೇ ಇದೆ. ಯಾರೂ ಒಡೆದಿಲ್ಲ."

ಆ ಫೋಲ್ಡರಿನ ತುಂಬ ಕಡತಗಳಿದ್ದವು. ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಂಕಿಗಳು. ತಜ್ಞೆ ಒಂದನ್ನು ಒತ್ತಿದರು. ಯಾವ ಪಾಸ್‌ವರ್ಡೂ ಕೇಳದೆ ತೆರೆದುಕೊಂಡಿತು. ಯಾರೋ ಗಂಡಸಿನ ಹೆಸರು, ಅವನು ತನ್ನ ತಂದೆಯ ಬಗ್ಗೆ ಹೇಳಿದ ಮಾತು. ಇನ್‌ಸ್ಪೆಕ್ಟರ್ ಮುಖ ತಿರುಗಿಸಿದರು. "ಮುಚ್ಚಿ ಅದನ್ನ. ಹೇಗೆ ಬಂತು ಇಲ್ಲಿಗೆ, ಅದನ್ನ ಹೇಳಿ."

"ಬೀಗ ಹಾಕಿದ ಕಡತದಲ್ಲಿ ಬರೆಯೋಕಾಗಲ್ಲ ಸಾರ್. ಮೇಡಂ ತೆಗೆದಾಗ ಈ ಸಾಫ್ಟ್‌ವೇರ್ ಒಂದು ತಾತ್ಕಾಲಿಕ ನಕಲು ಮಾಡಿ ಈ ಫೋಲ್ಡರಲ್ಲಿ ಇಡುತ್ತೆ, ಬೀಗ ಇಲ್ಲದ್ದು. ಮೇಡಂ ಬರೆಯೋದು ಅದರ ಮೇಲೆ. ಉಳಿಸಿದಾಗ ಬೀಗದ ಒಳಗಿನ ಪ್ರತೀನೂ ಬದಲಾಗುತ್ತೆ. ಕೊನೇಲಿ ಸಾಫ್ಟ್‌ವೇರ್ ಮುಚ್ಚಿದಾಗ ನಕಲನ್ನ ಅದೇ ಅಳಿಸುತ್ತೆ."

"ಮತ್ತೆ ಇವು ಯಾಕೆ ಉಳಿದಿವೆ?"

"ಮುಚ್ಚದೇ ಇದ್ರೆ ಅಳಿಸೋಕೆ ಅದಕ್ಕೆ ಅವಕಾಶ ಎಲ್ಲಿ?" ತಜ್ಞೆ ಆಪ್ತಸಲಹೆಗಾರ್ತಿಯತ್ತ ತಿರುಗಿದರು. "ಸಂಜೆ ಹೋಗುವಾಗ ಕಂಪ್ಯೂಟರ್ ಹೇಗೆ ಆಫ್ ಮಾಡ್ತೀರಿ ಮೇಡಂ?"

ಆಪ್ತಸಲಹೆಗಾರ್ತಿ ಬಾಗಿಲ ಪಕ್ಕದ ಗೋಡೆಯನ್ನು ತೋರಿಸಿದರು. ಅಲ್ಲಿ ಇಡೀ ಕೋಣೆಯ ಮೇನ್ ಸ್ವಿಚ್ ಇತ್ತು. ಕೆಲವು ವರ್ಷಗಳ ಹಿಂದೆ ಮೇಜಿನ ಕೆಳಗಿದ್ದ ಯುಪಿಎಸ್ ಬ್ಯಾಟರಿ ಹೊತ್ತಿಕೊಂಡು ಪರದೆ ಸುಟ್ಟಿತ್ತು. ಅಂದಿನಿಂದ ಅವರು ಯುಪಿಎಸ್ ಇಡಲಿಲ್ಲ; ಟಿಪ್ಪಣಿ ಬರೆದು, ಉಳಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಮೇನ್ ಕೆಳಗೆ ತಟ್ಟಿ ಹೊರಟುಬಿಡುತ್ತಿದ್ದರು. ಬೆಂಕಿಯ ಭಯ. ಬೆಳಿಗ್ಗೆ ತಿದ್ದಿದ ಮೇಲೆ ಮಾತ್ರ, ಒಳಗೆ ಬರುವವರು ಪರದೆ ನೋಡಬಾರದೆಂದು, ಸಾಫ್ಟ್‌ವೇರನ್ನು ಸರಿಯಾಗಿ ಮುಚ್ಚುತ್ತಿದ್ದರು.

ತಜ್ಞೆ ಅಲ್ಲೇ ಮಾಡಿ ತೋರಿಸಿದರು. ಹೊಸ ಕಡತ ತೆರೆದು ತಮ್ಮ ಶೀತದ ಬಗ್ಗೆ ಎರಡು ಸಾಲು ಬರೆದರು, ಉಳಿಸಿದರು. ರೇಡಿಯೋ ಮೇನ್ ತಟ್ಟಿದ. ಕೋಣೆ ಮಂಕಾಯಿತು. ಮತ್ತೆ ಹಾಕಿ, ಕಂಪ್ಯೂಟರ್ ಎಬ್ಬಿಸಿ ಫೋಲ್ಡರ್ ತೆರೆದಾಗ ತಜ್ಞೆಯ ಶೀತ, ಬೀಗ ಚಿಲಕ ಏನೂ ಇಲ್ಲದೆ, ಅಲ್ಲಿ ಬಿದ್ದಿತ್ತು. ಪಂಚರು ಸಹಿ ಹಾಕಿದರು.

"ಅಂದ್ರೆ ಪ್ರತಿದಿನ ಸಂಜೆ ಬರೆದದ್ದು," ಇನ್‌ಸ್ಪೆಕ್ಟರ್ ಮೆಲ್ಲಗೆ ಹೇಳಿದರು.

"ಪ್ರತಿದಿನ ಸಂಜೇದೂ ಇಲ್ಲಿದೆ. ವರ್ಷಗಟ್ಟಲೆ."

ಆಪ್ತಸಲಹೆಗಾರ್ತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತರು. ಅವರ ಎದುರಿನ ಕುರ್ಚಿ, ಬಂದವರು ಕೂರುವ ಮೆತ್ತನೆಯ ಕುರ್ಚಿ, ಖಾಲಿಯಿತ್ತು. ಅಲ್ಲಿ ಕೂತು ಪಿಸುಗುಟ್ಟಿದವರೆಲ್ಲರ ಮಾತು ಗೋಡೆಗೆ ಅಂಟಿಸಿದ ಪೋಸ್ಟರಿನ ಹಾಗೆ ಯಾರು ಬೇಕಾದರೂ ಓದುವಂತೆ ಬಿದ್ದಿತ್ತು.

ಯಾರು ಓದಿದ್ದರೆಂಬುದಕ್ಕೂ ಗುರುತುಗಳಿದ್ದವು. ಆ ನಕಲುಗಳನ್ನು ತೆರೆದದ್ದು, ಪೆನ್‌ಡ್ರೈವಿಗೆ ಇಳಿಸಿದ್ದು, ಎಲ್ಲ ಭಾನುವಾರ ಬೆಳಗಿನ ಹೊತ್ತು. ಅದಕ್ಕೂ ಮೊದಲು ಯಾರೋ ಬೀಗಕ್ಕೆ ತಪ್ಪು ಪಾಸ್‌ವರ್ಡ್‌ಗಳನ್ನು ಹಾಕಿ ಹಾಕಿ ಸೋತಿದ್ದರು. ಆಪ್ತಸಲಹೆಗಾರ್ತಿ ಮದುವೆಯಾದ ದಿನಾಂಕ, ಅವರ ಮನೆಯ ನಂಬರು, ಹುಟ್ಟೂರು. ತಜ್ಞೆ ಆ ಪಟ್ಟಿಯನ್ನು ಓದುತ್ತಾ ಹೋದಂತೆ ಆಪ್ತಸಲಹೆಗಾರ್ತಿ ಕಿಟಕಿಯ ಕಡೆ ತಿರುಗಿದರು. ಅವರಿಗೆ ಆಗಲೇ ತಿಳಿದಿರಬೇಕು.

ಇನ್‌ಸ್ಪೆಕ್ಟರ್ ಹೊರಗಿನ ಮೇಜಿಗೆ ಹೋದರು. "ಭಾನುವಾರ ಇಲ್ಲಿ ಯಾರು ಬರ್ತಾರಮ್ಮ?"

"ಯಾರೂ ಇಲ್ಲ ಸಾರ್. ರಜಾ."

"ಮೀನಿಗೆ ರಜಾ ಇದೆಯಾ?"

ಹುಡುಗಿ ತೊಟ್ಟಿಯತ್ತ ನೋಡಿದಳು. "ಮೇಡಂ ಯಜಮಾನ್ರು ಬಂದು ತಿಂಡಿ ಹಾಕ್ತಾರೆ. ಪಾಪ, ಒಂದು ವಾರಾನೂ ತಪ್ಪಿಸಿಲ್ಲ. ಕೆಳಗಿನ ಡಾಕ್ಟರ್ ಹೇಳ್ತಿದ್ರು, ಊಟದ ಹೊತ್ತಿನವರೆಗೂ ಮೇಲೆ ಫ್ಯಾನ್ ಸದ್ದು ಕೇಳುತ್ತೆ ಅಂತ."

"ನಾಲ್ಕು ಮೀನಿಗೆ ಊಟದ ಹೊತ್ತಿನವರೆಗೂ ಹಾಕ್ತಾರಾ?" ರೇಡಿಯೋ ಬಾಯಿ ಹಾಕಿದ. "ಏನು ಸಾರ್, ತುತ್ತು ಕಲಸಿ ಬಾಯಿಗಿಡ್ತಾರಾ?"

ಕಂಪ್ಯೂಟರನ್ನು ಮೊದಲು ತಂದು ಜೋಡಿಸಿ, ಟಿಪ್ಪಣಿಯ ಬೀಗದ್ದಲ್ಲ, ಯಂತ್ರ ಶುರು ಮಾಡುವ ಪಾಸ್‌ವರ್ಡ್ ಹಾಕಿಕೊಟ್ಟವರು ಗಂಡನೇ ಎಂದು ಆಪ್ತಸಲಹೆಗಾರ್ತಿ ಲಿಖಿತ ಹೇಳಿಕೆ ಕೊಟ್ಟರು. ಆ ಮಾತಿಗೆ ಅವರನ್ನು ಮೆಚ್ಚಬೇಕು.

ಅನುಮತಿ ಪಡೆದು ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಆಪ್ತಸಲಹೆಗಾರ್ತಿಯ ಮನೆ ಶೋಧನೆ ಶುರುವಾಯಿತು. ಗಂಡ ವಿಮಾ ಕಂಪನಿಗೆ ಅಪಘಾತದ ವಾಹನಗಳನ್ನು ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಬಾಗಿಲು ತೆಗೆದು, "ಬನ್ನಿ ಬನ್ನಿ, ಚಪ್ಪಲಿ ಪರವಾಗಿಲ್ಲ" ಎಂದ. ಪಂಚರಿಗೆ ಕುರ್ಚಿ ಹಾಕಿದ. ಟೀ ಮಾಡಲೇ ಎಂದೂ ಕೇಳಿದ. ಪೆನ್‌ಡ್ರೈವ್ ಎಲ್ಲಿ ಎಂದರೆ ಅಂಗಿಯ ಜೇಬಿನಿಂದ ತೆಗೆದು ಕೊಟ್ಟುಬಿಟ್ಟ. ಮನೆಯ ಕೀಲಿಗೊಂಚಲಿಗೇ ಅದನ್ನು ಕಟ್ಟಿಕೊಂಡಿದ್ದ.

ಅವನ ಕೋಣೆಯ ಕಪಾಟಿನಲ್ಲಿ ಮುದ್ರಿಸಿದ ಹಾಳೆಗಳ ಕಟ್ಟುಗಳಿದ್ದವು. ಒಬ್ಬೊಬ್ಬರದೂ ಬೇರೆ ಬೇರೆ, ವಾರದ ಪ್ರಕಾರ ಜೋಡಿಸಿ ಪಿನ್ನು ಹಾಕಿದ್ದು. ಮೆಚ್ಚಿದ ಸಾಲುಗಳ ಅಡಿಗೆ ಕೆಂಪು ಗೆರೆ. ಪ್ರತಿ ಕಟ್ಟಿನ ಮೇಲೂ ನಕ್ಷತ್ರ ಗುರುತು. ಕೆಲವಕ್ಕೆ ಒಂದು, ಕೆಲವಕ್ಕೆ ಮೂರು. ಮಕ್ಕಳು ಸತ್ತವರಿಗೆಲ್ಲ ಒಂದೇ ನಕ್ಷತ್ರ. ಗಂಡನಿಗೆ ಹೇಳದ ಗುಟ್ಟಿದ್ದವರಿಗೆ ಮೂರು.

ರೇಡಿಯೋ ಎರಡು ಕಟ್ಟು ಪಂಚನಾಮೆಗೆ ಬರೆಸಿ, ಮೂರನೆಯದನ್ನು ಎತ್ತಿಕೊಂಡವನು ಹಾಗೇ ಕೆಳಗಿಟ್ಟ. "ಸಾರ್, ಕೈ ತೊಳ್ಕೊಂಡು ಬರ್ತೀನಿ" ಎಂದು ಬಚ್ಚಲಿಗೆ ಹೋದ. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು. ಉಳಿದ ಕಟ್ಟುಗಳನ್ನು ಇನ್‌ಸ್ಪೆಕ್ಟರ್ ತಾವೇ ಬರೆಸಿದರು. ಹೆಣ ನೋಡಿ ಬಂದು ಊಟ ಮಾಡಿದ ಮನುಷ್ಯ ಅವರು. ಆ ಕೆಂಪು ಗೆರೆಗಳನ್ನು ನೋಡಿದ ದಿನ ಮಧ್ಯಾಹ್ನ ನೀರು ಬಿಟ್ಟರೆ ಏನೂ ಸೇರಲಿಲ್ಲ.

ಮೇಜಿನ ಡ್ರಾಯರಿನಲ್ಲಿ ಇನ್ನೂ ಎರಡು ಲಕೋಟೆ ಸಿಕ್ಕವು. ಅಂಚೆ ಚೀಟಿ ಹಚ್ಚಿ ಸಿದ್ಧವಾಗಿದ್ದವು. ಒಂದು ಯಾವುದೋ ಶಾಲೆಯ ಮೇಷ್ಟರ ಹೆಂಡತಿಗೆ.

"ಇವನ್ನ ಯಾವಾಗ ಹಾಕ್ಬೇಕು ಅಂತಿದ್ರಿ?"

"ಒಂದರ ಫಲ ಗೊತ್ತಾಗದೆ ಇನ್ನೊಂದು ಹಾಕಲ್ಲ ನಾನು," ಅವನು ವಿನಯದಿಂದಲೇ ಹೇಳಿದ.

"ಇದನ್ನ ಅರ್ಧಕ್ಕೆ ಯಾಕೆ ಕತ್ತರಿಸಿದ್ರಿ?" ಇನ್‌ಸ್ಪೆಕ್ಟರ್ ಗಾಜು ಉಜ್ಜುವವಳ ಹಾಳೆ ಮುಂದಿಟ್ಟರು.

"ಪೂರ್ತಿ ಕಳಿಸಿದ್ರೆ ಏನಾಗ್ತಿತ್ತು ಸಾರ್? ಓದ್ಬಿಟ್ಟು 'ಅಯ್ಯೋ ಪಾಪ' ಅಂತಿದ್ರು ಅಷ್ಟೆ. ನಾನು ಒಂದಕ್ಷರ ಸುಳ್ಳು ಸೇರಿಸಿಲ್ಲ, ಬೇಕಾದ್ರೆ ಹೋಲಿಸಿ ನೋಡಿ."

ಹನ್ನೊಂದು ಗಂಟೆಗೆ ಅವನನ್ನು ಬಂಧಿಸಲಾಯಿತು. ಹೊರಡುವ ಮುಂಚೆ ಕನ್ನಡಿ ನೋಡಿ ತಲೆ ಬಾಚಿಕೊಂಡ.

ಠಾಣೆಯಲ್ಲಿ ಹೇಳಿಕೆ ಕೊಡಲು ಅವನು ಸತಾಯಿಸಲಿಲ್ಲ. ಕೇಳುವವರು ಸಿಕ್ಕಿದ್ದೇ ಸಾಕೆಂಬಂತೆ ಮಾತಾಡಿದ. "ಇಪ್ಪತ್ತೇಳು ವರ್ಷದ ಸಂಸಾರ ಸಾರ್. ಬೆಳಿಗ್ಗೆಯಿಂದ ಸಂಜೆವರೆಗೂ ಊರೋರ ಗೋಳೆಲ್ಲ ಕೇಳ್ತಾಳೆ. ಮನೆಗೆ ಬಂದ್ರೆ, 'ರೀ, ತಲೆ ಚಿಟ್ಟು ಹಿಡಿದಿದೆ, ಸ್ವಲ್ಪ ಸುಮ್ಮನಿರಿ' ಅಂತಾಳೆ. ನನಗೂ ಹೇಳೋದು ಇರಲ್ವಾ? ಆ ಅಂಗಡಿ ಮುಚ್ಚಿಸ್ಬೇಕು ಅನಿಸ್ತು. ಜನ ಹೆದರಿ ಬರೋದು ನಿಂತ್ರೆ ಅವಳು ಮನೇಲಿರ್ತಾಳೆ. ನನ್ನ ಮಾತು ಕೇಳ್ತಾಳೆ."

ಬರೆದುಕೊಳ್ಳುತ್ತಿದ್ದ ರೇಡಿಯೋ ಒಂದು ಕ್ಷಣ ಪೆನ್ನು ನಿಲ್ಲಿಸಿದ. ಅವನಿಗೆ ಸ್ವಲ್ಪ ಪಾಪ ಅನಿಸಿರಬೇಕು. ಮಾತಾಡುವವನ ಕಷ್ಟ ಮಾತಾಡುವವನಿಗೇ ಗೊತ್ತು. ಇನ್‌ಸ್ಪೆಕ್ಟರಿಗೆ ಏನೂ ಅನಿಸಲಿಲ್ಲ. ಹೆಂಡತಿಯ ಮೇಲಿನ ಮುನಿಸಿಗೆ ಇನ್ನಾರದೋ ಕಂಕುಳಿನ ಮಗುವನ್ನು ಕಿತ್ತವನು ಇವನು.

ಅದೇ ಸಂಜೆ ಅವರು ಗಾಜು ಉಜ್ಜುವವಳನ್ನು ಕರೆಸಿದರು. ತಾತ್ಕಾಲಿಕ ಫೋಲ್ಡರಿನಿಂದ ಸಿಕ್ಕ ಪೂರ್ತಿ ಟಿಪ್ಪಣಿಯ ಪ್ರತಿಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟರು.

"ಇದು ನಿಮ್ಮದು. ಕೋರ್ಟಿಗೆ ಬೇರೆ ಪ್ರತಿ ಹೋಗುತ್ತೆ, ಸೀಲ್ ಹಾಕಿ. ನಿಮ್ಮ ಅತ್ತೆಗೆ ತೋರಿಸೋ ಹಕ್ಕು ನನಗಿಲ್ಲ. ಒಂದು ಸಲ ಅವನು ನಿಮ್ಮನ್ನ ಕೇಳದೆ ತೋರಿಸಿದ್ದಾಗಿದೆ, ಅಷ್ಟೇ ಸಾಕು."

ಅವಳು ಲಕೋಟೆ ಹಿಡಿದು ಯೋಚಿಸಿದಳು. "ಅವರು ಅರ್ಧ ಓದಿದಾರೆ. ಉಳಿದಿದ್ದನ್ನ ನಾನೇ ಓದಿ ಹೇಳ್ತೀನಿ. ನೀವು ಬಾಗಿಲಲ್ಲಿ ನಿಂತ್ಕೊಂಡ್ರೆ ಸಾಕು."

ಅತ್ತೆಯ ಮನೆ ಎರಡೇ ಕೋಣೆಯದು. ಮಂಚದ ಮೇಲೆ ಹಾಸಿಗೆ ಇತ್ತು, ಹೊದಿಕೆ ಇತ್ತು, ತಲೆಗೆ ಮಾತ್ರ ಏನೂ ಇರಲಿಲ್ಲ. ಮನೆಯ ದಿಂಬುಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಎಸೆದಿದ್ದರು. ಅತ್ತೆ ಮೊಮ್ಮಗಳನ್ನು ಸೊಂಟಕ್ಕೆ ಒತ್ತಿ ಹಿಡಿದು ಗೋಡೆಗೆ ಸರಿದರು. ಮಗು ತಾಯಿಯತ್ತ ಎರಡೂ ಕೈ ಚಾಚಿ ಜೋಲಿತು.

"ಪೊಲೀಸ್ನ ಕರ್ಕೊಂಡು ಬಂದ್ರೆ ಹೆದರ್ತೀನಾ ನಾನು?"

"ಅತ್ತೆ, ಎರಡು ನಿಮಿಷ ಕೇಳಿ. ಆಮೇಲೆ ನೀವು ಹೋಗು ಅಂದ್ರೆ ಹೋಗ್ತೀನಿ."

ಅವಳು ಮೊದಲಿನಿಂದ ಓದಿದಳು; ದಿಂಬಿನ ಮಾತನ್ನೂ ಬಿಡಲಿಲ್ಲ. ದನಿ ಒಡೆದರೂ ನಿಲ್ಲಿಸಲಿಲ್ಲ. "'ಆ ಕೂಡಲೇ ದಿಂಬು ಎಸೆದು, ಮಗುವನ್ನು ಪಕ್ಕದ ಮನೆಯ ಅಜ್ಜಿಯ ಕೈಗೆ ಕೊಟ್ಟು, ಚಪ್ಪಲಿಯನ್ನೂ ಮೆಟ್ಟದೆ ಓಡಿ ಇಲ್ಲಿಗೆ ಬಂದಿದ್ದಾಳೆ. ನನ್ನನ್ನು ನಾನೇ ನಂಬಲಾರೆ, ಮೊದಲು ನನ್ನ ಮಗುವನ್ನು ಕಾಪಾಡಿ ಎಂದು ಕೈ ಮುಗಿದಳು. ಇದು ಬಾಣಂತಿಯರಿಗೆ ಬರುವ ಕಾಯಿಲೆ, ವಾಸಿಯಾಗುತ್ತದೆ. ಡಾಕ್ಟರ ಬಳಿಗೆ ಕಳಿಸಿದ್ದೇನೆ. ಇಷ್ಟು ಎಚ್ಚರದ ತಾಯಿಯನ್ನು ನಾನು ಬೇರೆ ನೋಡಿಲ್ಲ.'"

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ಅತ್ತೆಯ ತುಟಿ ಅಲುಗಿತು.

"ಅವತ್ತು ಬರಿಗಾಲಲ್ಲಿ ಬಂದಿದ್ದೆ ನೀನು."

"ಹೂಂ ಅತ್ತೆ."

"ಚಪ್ಪಲಿ ಎಲ್ಲಿ ಕಳ್ಕೊಂಡು ಬಂದೆ, ಬುದ್ಧಿ ನೆಟ್ಟಗಿಲ್ವಾ ಅಂತ ಬೈದಿದ್ದೆ." ಅವರು ಸೊಸೆಯ ಪಾದಗಳನ್ನೇ ನೋಡಿದರು. "ಕಾಲಲ್ಲಿ ರಕ್ತ ಬರ್ತಿತ್ತು. ನೀನು ಒಂದು ಮಾತೂ ಆಡಲಿಲ್ಲ."

"ಹೇಗೆ ಹೇಳ್ಲಿ ಅತ್ತೆ?"

ಮುದುಕಿ ಜೋಲುತ್ತಿದ್ದ ಮಗುವನ್ನು ಸೊಂಟದಿಂದ ಬಿಡಿಸಿ ಸೊಸೆಯ ಕೈಗೆ ಇಟ್ಟರು. ಮಗನ ಕಡೆ ತಿರುಗಿ ಸಿಡುಕಿದರು. "ಕಂಬದ ಹಾಗೆ ಏನು ನಿಂತಿದೀಯ? ಅಟ್ಟದಿಂದ ದಿಂಬು ಇಳಿಸು."

ಇನ್‌ಸ್ಪೆಕ್ಟರ್ ಬಾಗಿಲಿನಿಂದ ಹಿಂದೆ ಸರಿದು ಬೀದಿಗೆ ಇಳಿದರು.

ಗುರುವಾರ ಕೋರ್ಟಿಗೆ ಕರೆದೊಯ್ಯುವ ಮುಂಚೆ ಆಪ್ತಸಲಹೆಗಾರ್ತಿ ಗಂಡನನ್ನು ನೋಡಲು ಬಂದರು. ಕೇಂದ್ರಕ್ಕೆ ಬೀಗ ಬಿದ್ದಿತ್ತು. ಅಲ್ಲಿಗೆ ಬಂದವರೆಲ್ಲರಿಗೂ ಒಬ್ಬೊಬ್ಬರಾಗಿ ಫೋನು ಮಾಡಿ, ಏನು ನಡೆಯಿತು ಎಂದು ಹೇಳಿ ಬೈಸಿಕೊಳ್ಳುತ್ತಿದ್ದರು. ಇನ್ನೂ ಅರ್ಧ ಜನ ಉಳಿದಿದ್ದರು. ಇನ್‌ಸ್ಪೆಕ್ಟರ್ ಇಬ್ಬರಿಗೂ ಕುರ್ಚಿ ಕೊಡಿಸಿ ಬಾಗಿಲ ಬಳಿ ತಾವು ನಿಂತರು.

ಆಪ್ತಸಲಹೆಗಾರ್ತಿ ಫೋನು ಆಫ್ ಮಾಡಿ ಚೀಲಕ್ಕೆ ಹಾಕಿದರು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಮುಖ ನೋಡಿದರು. ಕೆಲಸದ ಕೋಣೆಯಲ್ಲಿ ಅವರು ಕೂರುತ್ತಿದ್ದದ್ದು ಹೀಗೇ ಇರಬೇಕು.

"ನಿಮ್ಮ ಮಾತು ನಾನು ಕೇಳಲಿಲ್ಲ ಅಂತ ಬರೆಸಿದೀರಿ. ನಿಜ ಇರಬಹುದು. ಈಗ ಹೇಳಿ ರೀ. ಎಷ್ಟು ಹೊತ್ತಾದ್ರೂ ಕೂತ್ಕೋತೀನಿ."

ಅವನು ಬಾಯಿ ತೆರೆದ. ಏನೋ ಹುಡುಕಿದ. ಹಣೆ ಉಜ್ಜಿಕೊಂಡ. ಇಪ್ಪತ್ತೇಳು ವರ್ಷದ ಮಾತು ಕಟ್ಟಿಕೊಂಡು ಕೂತವನಿಗೆ ಒಂದೂ ನೆನಪಾಗಲಿಲ್ಲವೋ, ಇರಲೇ ಇಲ್ಲವೋ. ಕೊನೆಗೆ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದ. ಕಣ್ಣಲ್ಲಿ ಬೆಳಕು ಬಂದಿತ್ತು.

"ಆ ಕನ್ನಡಕದ ಅಂಗಡಿಯವಳದ್ದು... ಆಮೇಲೆ ಏನಾಯ್ತೇ? ಮಗೂನ ಕೊಟ್ರಾ?"

ಆಪ್ತಸಲಹೆಗಾರ್ತಿ ಎದ್ದರು. ಚೀಲ ಎತ್ತಿಕೊಂಡು, ಅವನತ್ತ ತಿರುಗದೆ ಹೊರಗೆ ನಡೆದರು. ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲಿಳಿದರು.

"ಸಾರ್, ನೀವಾದ್ರೂ ಹೇಳಿ," ಒಳಗಿನಿಂದ ಅವನು ಕೇಳುತ್ತಿದ್ದ. "ನೀವು ಹೋಗಿದ್ರಂತಲ್ಲ ಅವರ ಮನೆಗೆ. ಏನಂದ್ಲು ಮುದುಕಿ?"

ಇನ್‌ಸ್ಪೆಕ್ಟರ್ ಬಾಗಿಲು ಎಳೆದುಕೊಂಡರು. ಹೊರಗೆ ಮೇಜಿನ ಬಳಿ ರೇಡಿಯೋ ಕೋರ್ಟಿಗೆ ಕೊಡುವ ವರದಿಯ 'ಅಪರಾಧದ ಉದ್ದೇಶ' ಎಂಬ ಕಾಲಮಿನ ಮೇಲೆ ಪೆನ್ನು ಹಿಡಿದು ಕೂತಿದ್ದ. ನಿನ್ನೆ ಬರೆದದ್ದು ಅಲ್ಲಿತ್ತು: ಹೆಂಡತಿಯ ಗಮನ ಸೆಳೆಯುವುದು.

"ಅದನ್ನ ಹೊಡೆದು ಹಾಕು," ಎಂದರು ಇನ್‌ಸ್ಪೆಕ್ಟರ್. "ಓದೋ ಚಟ ಅಂತ ಬರಿ. ಆ ಮಗು ವಿಷಯ ಅವನಿಗೆ ಯಾರೂ ಹೇಳಕೂಡದು. ಜೈಲಿನವರಿಗೂ ತಿಳಿಸು. ಕೊನೆವರೆಗೂ ಅವನಿಗೆ ಗೊತ್ತಾಗಬಾರದು."